ಮೂಗಿಗೊಂದು ಸೂರು

ಸಕಲೇಶಪುರದ ಹಳೇ ಸೇತುವೆ ದಾಟಿ
ಹೇಮಾವತಿ ಸೊಂಟ ತಿರುವುವ ಕಡೆ
ಕೆಡವುವ ಮೊದಲು ನಕ್ಷೆ ಬರೆದಿಡಿ ಎಂದು
ನನ್ನನ್ನು ಕಳಿಸಿದರು. ಅಳತೆಗೆ ಜೊತೆ ಇಮ್ತಿಯಾಜ್,
ಒಂದು ಏಣಿ, ಎರಡು ಪೊಟ್ಟಣ ಚಿತ್ರಾನ್ನ.

ಕಡತದಲ್ಲಿ ಇದು ‘ಷೆಡ್ಡು, ಹಂಚಿನದು, ಒಂದು’.
ಊರ ಬಾಯಲ್ಲಿ ದೋಣಿಮನೆ.

ಹೊಸ್ತಿಲಿಲ್ಲ ಇದಕ್ಕೆ.
ಹೊಸ್ತಿಲಿರಬೇಕಾದಲ್ಲಿ ನೆಲವೇ ಜಾರುತ್ತದೆ,
ಕಲ್ಲುಚಪ್ಪಡಿ, ಹನ್ನೆರಡಕ್ಕೊಂದು ಇಳಿಜಾರು,
ಮೊಸಳೆ ನೀರಿಗಿಳಿದಷ್ಟು ಸದ್ದಿಲ್ಲದೆ.
ಮತ್ತಿಮರದ ಕಂಬ ಹತ್ತು, ಕಾಲಿಗೆ ಕಲ್ಲಿನ ಬೂಟು;
ಆಷಾಢದಲ್ಲಿ ಹೊಳೆ ಒಳಗೆ ಬಂದು
ವಾರವಿದ್ದು ಹೋಗುತ್ತಿತ್ತಂತೆ, ಬೀಗರ ಹಾಗೆ.
ಗೋಡೆಯ ಬುಡಕ್ಕೆ ಕಿಂಡಿಗಳು. ತಡೆಯಲಿಕ್ಕಲ್ಲ,
ಹೊರಡುವಾಗ ದಾರಿ ಇರಲಿ ಎಂದು.

ಕಟ್ಟಿದವನು ಉಕ್ರಪ್ಪಾಚಾರಿ, ಘಟ್ಟದ ಕೆಳಗಿನವನು.
ಕಡಲಿನ ದೋಣಿ ಬಲ್ಲ,
ಪಂದ್ಯದ ದೋಣಿ ಕನಸಲ್ಲೂ ಕಂಡಿಲ್ಲ.
ಕಟ್ಟಿಸಿದವರು ಕಾಫಿತೋಟದ ನಾಲ್ವರು ದೊರೆಗಳು.
ಮಳೆಗಾಲದಲ್ಲಿ ಹೊಳೆ ಬಿಡುವುದಿಲ್ಲ,
ಬೇಸಿಗೆಯಲ್ಲಿ ಹೊಳೆಯೇ ಇರುವುದಿಲ್ಲ.
ನಡುವಿನ ಮೂರು ತಿಂಗಳ ಹುಚ್ಚಿಗೆ
ಇಷ್ಟು ಹಂಚು, ಇಷ್ಟು ತೊಲೆ!

ಮನೆ ಮುಗಿದ ಮೇಲೆ ದೋಣಿ ಬಂತು.
ಬಂದರಿನಿಂದ ಎರಡು ಗಾಡಿಯ ಮೇಲೆ ಒಂದೇ ಮೈ,
ತಿರುವು ತಿರುವಿಗೂ ಇಳಿಸಿ, ಹೊತ್ತು, ಮತ್ತೆ ಏರಿಸಿ.
ದೋಣಿ ನಲವತ್ತೆರಡಡಿ.
ಮನೆ ಮೂವತ್ತಾರು.

ದೊರೆಗಳು ಆಚಾರಿಯ ಮುಖ ನೋಡಿದರು.
ಆಚಾರಿ ಹಿಂಗೋಡೆ ನೋಡಿದ.
ಮಾರನೇ ದಿನ ಗೋಡೆಗೊಂದು ತೂತು,
ತೂತಿನಾಚೆ ಆರಡಿ ಗೂಡು, ಗೂಡಿಗೆ ಮೂರು ಸಾಲು ಹಂಚು:
ದೋಣಿಯ ಮೂಗಿಗೊಂದು ಸೂರು.

ಇದನ್ನೆಲ್ಲ ಹೇಳಿದವರು ಬೆಸ್ತರ ಗಂಗಮಾಳಮ್ಮ,
ಮೆಟ್ಟಿಲ ಮೇಲೆ ಕೂತು ಮೀನು ಉಜ್ಜುತ್ತ.
ಅವರಜ್ಜ ದ್ಯಾವನಿಗೆ ಆಗ ಹನ್ನೊಂದು ವರ್ಷ.
ಹುಟ್ಟು ಹಾಕುವ ನಾಲ್ವರೂ
ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ಕೂರುವವರು;
ಮುಂದೇನಿದೆ ನೋಡಲು ಒಬ್ಬ ಬೇಕು,
ಅವನಿಗೆ ತೂಕ ಇರಬಾರದು.
“ನಮ್ಮಜ್ಜಂಗೆ ತೂಕ ಎಲ್ಲಿಂದ ಬರ್ಬೇಕವ್ವಾ,
ಒಪ್ಪೊತ್ತಿನ ಊಟ.”

ಚುಕ್ಕಾಣಿಯ ಹಗ್ಗ ಹಿಡಿದು
ದೊರೆಗಳ ಮುಖಕ್ಕೆ ಮುಖ ಕೊಟ್ಟು ಕೂತ ಹುಡುಗ:
ಎಳೀ, ಬಿಡೀ, ಎಳೀ,
ಎಡದವ್ನೇ ನಿದ್ದೆಯಾ? ಬಂಡೆ ಐತೆ, ಬಂಡೆ!
ದಂಡೆಯ ಮೇಲೆ ತಲೆ ಎತ್ತದವನಿಗೆ
ನೀರಿನ ಮೇಲೆ ಏಕವಚನ.
ದೊರೆಗಳಿಗೆ ಅರ್ಥವಾಯಿತೋ ಇಲ್ಲವೋ,
ಎಳೆದರು.

ಏಣಿ ಹತ್ತಿ ನೋಡಿದೆ. ತೊಲೆಯ ಮೇಲಿನ ಹಲಗೆಯಲ್ಲಿ
ಚಿನ್ನದ ಅಕ್ಷರದ ನಾಲ್ಕು ಹೆಸರು,
ಎರಡನ್ನು ಗೆದ್ದಲು ಓದಿ ಮುಗಿಸಿದೆ.
ಐದನೇ ಸಾಲಿನಲ್ಲಿ ಹೆಸರಿಲ್ಲ.
ಬರೀ ತೂಕ, ಐವತ್ತೆರಡು ಪೌಂಡು.

ದೊರೆಗಳು ಹಡಗು ಹತ್ತಿದ ಮೇಲೆ
ದೋಣಿ ಕೊಯ್ದು ಶಾಲೆಗೆ ಬೆಂಚು ಮಾಡಿದರಂತೆ.
ತೆಳ್ಳಗಿತ್ತು, ಮುರಿಯಿತು.
ಮನೆಗೆ ಮೆಣಸಿನ ಚೀಲ ಬಂತು, ಆಮೇಲೆ ಸಿಮೆಂಟು,
ಆಮೇಲೆ ಬೀಗ.

ಊಟದ ನಂತರ ಉಳಿದದ್ದು ಕೊನೆಯ ಅಳತೆ.
ನಾನು ಹೊಳೆಯ ಕಡೆ ಬೆನ್ನು ಹಾಕಿ
ಟೇಪಿನ ಸೊನ್ನೆಯನ್ನು ಕಲ್ಲಿಗೆ ಒತ್ತಿ ಕೂತೆ.
ಇಮ್ತಿಯಾಜ್ ಡಬ್ಬಿ ಹಿಡಿದು ಒಳಗೆ ಹೋದ,
ತೊಲೆಗಳ ಕೆಳಗೆ, ಬಾವಲಿ ವಾಸನೆಯ ಕೆಳಗೆ,
ಹಿಂಗೋಡೆಯ ತೂತಿನಲ್ಲಿ ತೆವಳಿ
ಕಾಲೂ ಕಾಣದಾಯಿತು.

ಮೂವತ್ತಾರು ಆಯ್ತು, ಇನ್ನೂ ಹೋಗ್ತದೆ ಮೇಡಂ.
ಮೂವತ್ತೊಂಬತ್ತು. ತಡೀರಿ, ಜೇಡ.
ನಲವತ್ತೆರಡು. ತುದಿ.

ದೋಣಿ ಇಲ್ಲ. ಅದರ ಉದ್ದ ಇದೆ.
ನಕ್ಷೆಯಲ್ಲಿ ಉಳಿಯುವುದಕ್ಕೆ ತುಂಬುಗೆರೆ,
ಕೆಡವುವುದಕ್ಕೆ ಚುಕ್ಕೆಗೆರೆ;
ಇದಕ್ಕೆ ಯಾವ ಗೆರೆ ಎಂದು
ನಮ್ಮ ಕೈಪಿಡಿಯಲ್ಲಿಲ್ಲ.

ಗೂಡಿನ ಕತ್ತಲೆಯಿಂದ ಹುಡುಗ ಕೂಗಿದ:
ಎಳೀರಿ ಮೇಡಂ, ಸಡ್ಲ ಐತೆ, ಎಳೀರಿ!

ಎಳೆದೆ.